ಗಿಣಿಗೆ ವಿಷ ಹಾಕಿದ ಕೈ

ನನ್ನ ಅತ್ತೆಯ ಅಂಗೈಯಲ್ಲಿ ಗೆರೆಗಳೇ ಕಾಣುತ್ತಿರಲಿಲ್ಲ. ಮೂವತ್ತು ವರ್ಷ ಮೀನಿಗೆ ಉಪ್ಪು ತಿಕ್ಕಿದ ಕೈ. ಚರ್ಮ ದಪ್ಪವಾಗಿ, ಬೆಳ್ಳಗಾಗಿ, ಬೆರಳ ಸಂದುಗಳಲ್ಲಿ ಸೀಳು ಬಿಟ್ಟಿತ್ತು. ಸೀಳಿನೊಳಗೆ ಉಪ್ಪಿನ ಪುಡಿ ಕೂತಿರುತ್ತಿತ್ತು. ಎಷ್ಟು ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಅನ್ನ ಬಡಿಸುತ್ತಿದ್ದರು, ಬುಟ್ಟಿ ಎತ್ತುತ್ತಿದ್ದರು, ಜಗಳ ಬಂದರೆ ಎದುರಿನವರ ಮೂಗಿನ ತನಕ ಬೀಸುತ್ತಿದ್ದರು.

ಮೊದಲೇ ಹೇಳಿಬಿಡುತ್ತೇನೆ, ನಾನು ಅವರನ್ನು ಹೊಗಳಲು ಕೂತವಳಲ್ಲ. ನನಗೆ ಅವರ ಮೇಲೆ ಸಿಟ್ಟಿದೆ. ಅವರು ಹೋಗಿ ಎಷ್ಟೋ ವರ್ಷವಾಯಿತು, ನನ್ನ ತಲೆಯೂ ನೆರೆಯಿತು, ಸಿಟ್ಟು ಮಾತ್ರ ಹೋಗಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಆಡಬೇಕು ಎನ್ನುವ ಮಂದಿಯನ್ನು ನನ್ನ ಅತ್ತೆಯ ಜೊತೆ ಒಂದು ಮಳೆಗಾಲ ಕೂಡಿಹಾಕಬೇಕಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನಾನು ಮದುವೆಯಾಗಿ ಭಟ್ಕಳದ ಕಡೆಯಿಂದ ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿಗೆ ಬಂದೆ. ಆಗ ನನಗೆ ಹದಿನೇಳು. ಗಂಡ ಸರಕು ಸಾಗಿಸುವ ಹಾಯಿ ಮಚವೆಯ ಮೇಲೆ ಕೆಲಸಕ್ಕಿದ್ದರು. ಹಂಚು ತುಂಬಿಕೊಂಡು ಬೊಂಬಾಯಿಗೆ ಹೊರಟರೆ ತಿಂಗಳುಗಟ್ಟಲೆ ಮುಖ ಕಾಣುತ್ತಿರಲಿಲ್ಲ. ಮಾವ ಮೊದಲೇ ಸಮುದ್ರದ ಪಾಲಾಗಿದ್ದರು. ಮನೆಯಲ್ಲಿ ಉಳಿದದ್ದು ಅತ್ತೆ, ನಾನು ಮತ್ತು ಅತ್ತೆಯ ಗಿಣಿ. ನಾನು ತವರಿನಲ್ಲಿ ನಾಲ್ಕನೆಯ ಇಯತ್ತೆ ಓದಿದ್ದೆ. ಓದಿದವಳು ಎಂಬುದೇ ಆ ಮನೆಯಲ್ಲಿ ನನ್ನ ಮೊದಲ ತಪ್ಪು.

ಅತ್ತೆ ಮೀನು ಒಣಗಿಸಿ ಮಾರುತ್ತಿದ್ದರು. ಅವರ ಬುಟ್ಟಿಯ ಮೀನೆಂದರೆ ಕತಗಾಲದ ಕಡೆಯ ವ್ಯಾಪಾರಿಗಳು ಮುಚ್ಚಳ ತೆರೆದು ನೋಡದೆ ಒಯ್ಯುತ್ತಿದ್ದರು. ಒಮ್ಮೆ ಒಂದು ಬುಟ್ಟಿಯಲ್ಲಿ ಹುಳ ಬಿದ್ದ ಮೀನು ಹೋಗಿಬಿಟ್ಟಿತ್ತು. ಅದು ಅತ್ತೆಗೆ ಗೊತ್ತಾದದ್ದು ವ್ಯಾಪಾರಿ ಹೊರಟುಹೋದ ಮೇಲೆ. ಮುಂದಿನ ವಾರ ಅವನು ಬರುವ ತನಕ ಅವರಿಗೆ ಊಟ ಸೇರಲಿಲ್ಲ. ಅವನು ದೋಣಿಯಿಂದ ಇಳಿಯುತ್ತಿದ್ದಂತೆ ಎಲ್ಲರ ಎದುರಿಗೇ, "ನನ್ನ ಬುಟ್ಟಿಲಿ ಹುಳ ಇತ್ತು. ಎಂತ ಬೈತೀಯ ಬೈಯಿ" ಎಂದು ನಿಂತರು. ಅವನು ನಕ್ಕು, "ಹೋಗ್ಲಿ ಬಿಡಿ ಅಮ್ಮಾ" ಎಂದರೆ ಅದಕ್ಕೂ ಸಿಟ್ಟು. "ಹೋಗ್ಲಿ ಬಿಡಿ ಅಂದ್ರೆ ಎಂತ? ಬೈಯೋ!" ಕೊನೆಗೆ ಅವನು ಕೈಮುಗಿದು ತಪ್ಪಿಸಿಕೊಂಡ. ಇಷ್ಟೆಲ್ಲ ಆದರೂ ಅತ್ತೆಯ ಬಾಯಲ್ಲಿ 'ತಪ್ಪಾಯಿತು' ಎಂಬ ಮಾತು ಬರಲಿಲ್ಲ. ಆ ಮಾತು ಅವರಿಗೆ ಯಾರೂ ಕಲಿಸಿರಲಿಲ್ಲವೇನೋ.

ಗಿಣಿಯನ್ನು ಅವರು 'ಮಗಾ' ಎಂದು ಕರೆಯುತ್ತಿದ್ದರು. ಹೆತ್ತ ಮಗನನ್ನು ಹಾಗೆ ಕರೆದದ್ದನ್ನು ನಾನು ಕೇಳಿಲ್ಲ. ಮಾವ ತೀರಿಕೊಂಡ ವರ್ಷ ಯಾರೋ ಕಾಡಿನಿಂದ ತಂದುಕೊಟ್ಟ ಮರಿಯಂತೆ ಅದು. ಜಗಲಿಯ ಬಿದಿರಿನ ಪಂಜರದಲ್ಲಿ ಅದರ ವಾಸ. ಅದಕ್ಕೆ ಬರುತ್ತಿದ್ದದ್ದು ಒಂದೇ ಮಾತು: "ಹೆಣ್ಣೇ, ಎಲ್ಲಿ ಸತ್ತೆ?" ಅತ್ತೆ ನನ್ನನ್ನು ಕೂಗುವ ಥೇಟು ಅದೇ ಧ್ವನಿ. ನಾನು ಬಾವಿಕಟ್ಟೆಯ ಮೇಲೆ ಕೊಡ ಇಟ್ಟು ಓಡಿ ಬಂದರೆ ಅತ್ತೆ ಇರುತ್ತಿರಲಿಲ್ಲ, ಗಿಣಿ ಕತ್ತು ಓರೆ ಮಾಡಿ ನನ್ನನ್ನೇ ನೋಡುತ್ತಿತ್ತು. ಒಂದು ದಿನ ಹೀಗೆ ಮೂರು ಸಲ ಓಡಿ ಬಂದೆ. ಮೂರನೆಯ ಸಲ ತಡೆಯಲಾಗಲಿಲ್ಲ. "ಇನ್ನೊಂದ್ ಸಲ ಕರ್ದ್ರೆ ನಿನ್ನ ಕುತ್ತಿಗೆ ಮುರೀತೇನೆ ನೋಡು!" ಎಂದು ಕಿರುಚಿದೆ. ಎದುರುಮನೆಯ ಅಕ್ಕ ಅಂಗಳ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ಕೇಳಿಸಿಕೊಂಡಳು. ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಯಿತು.

ಆ ವರ್ಷ ರೇಶನ್ನಿನ ಅಕ್ಕಿ ಮನುಷ್ಯರಿಗೇ ಸಾಲುತ್ತಿರಲಿಲ್ಲ. ಗಿಣಿಗೆ ದಿನಾ ಹಾಕುತ್ತಿದ್ದ ಅನ್ನವನ್ನು ಅತ್ತೆಯೇ ನಿಲ್ಲಿಸಿದರು. ಅದರ ಬದಲಿಗೆ ಮಧ್ಯಾಹ್ನ ಪಂಜರವನ್ನು ಮೀನು ಒಣಗಿಸುವ ಮರಳಿಗೆ ಹೊತ್ತು ತಂದು, ಉಪ್ಪುಮೀನನ್ನು ಚೂರು ಮಾಡಿ ಅಂಗೈಯಲ್ಲಿಟ್ಟು ತಿನ್ನಿಸತೊಡಗಿದರು. ಹಣ್ಣು ತಿನ್ನುವ ಹಕ್ಕಿ ಮೀನು ತಿನ್ನುವುದು ಕೇರಿಗೆ ದೊಡ್ಡ ತಮಾಷೆ. ಹೆಂಗಸರು ಕೆಲಸ ಬಿಟ್ಟು ಬಂದು ಸುತ್ತ ನಿಲ್ಲುತ್ತಿದ್ದರು. "ಮೀನುಗಾರ್ರ ಮನೆ ಮಗ ಅಲ್ವಾ, ಮೀನು ತಿನ್ನದೆ ಎಂತ ತಿಂತದೆ?" ಎಂದು ಅತ್ತೆ ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಕಂಡದ್ದು ಆ ಹೊತ್ತಿನಲ್ಲಿ ಮಾತ್ರ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಗಿಣಿ ಮಂಕಾಯಿತು. ಗರಿ ಕೆದರಿಕೊಂಡು ಪಂಜರದ ತಳದಲ್ಲಿ ಕೂರುತ್ತಿತ್ತು. ಕರಟದಲ್ಲಿಟ್ಟ ನೀರನ್ನು ಕುಡಿದು ಕುಡಿದು ಖಾಲಿ ಮಾಡುತ್ತಿತ್ತು. ಹಿಕ್ಕೆ ನೀರುನೀರು. ಕರೆದರೆ ಉತ್ತರವಿಲ್ಲ. ಅತ್ತೆ ಎರಡು ದಿನ ನೋಡಿದರು. ಮೂರನೆಯ ದಿನ ಅಂಗಳಕ್ಕೆ ಬಂದು ಕೇರಿಗೆ ಕೇಳುವಂತೆ ಕೂಗಿದರು: "ಕಾಸರಕನ ಬೀಜ ತೇದು ಹಾಕಿದ್ದಾಳೆ! ಕುತ್ತಿಗೆ ಮುರೀತೇನೆ ಅಂದವಳು ಬೇರೆ ಎಂತ ಮಾಡ್ತಾಳೆ?"

ಕಾಸರಕನ ಬೀಜ ವಿಷವೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಒಲೆಯ ಮುಂದೆ ಕೂತಿದ್ದವಳು ಎದ್ದು ಬಂದು, "ನಾನು ಹಾಕ್ಲಿಲ್ಲ" ಎಂದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಅಂದೇ ಸಂಜೆ ಅತ್ತೆ ಜಟ್ಟಿಗನಿಗೆ ಕಾಯಿ ಇಟ್ಟರು. ಕೇರಿಯ ತುದಿಯಲ್ಲಿ ಹೊನ್ನೆಮರದ ಬುಡದಲ್ಲಿ ಜಟ್ಟಿಗನ ಕಲ್ಲಿದೆ. ಕಳ್ಳ ಯಾರೆಂದು ಗೊತ್ತಾಗದಿದ್ದಾಗ, ಅನ್ಯಾಯ ಮಾಡಿದವರು ಒಪ್ಪದಿದ್ದಾಗ ಅಲ್ಲಿ ಒಂದು ತೆಂಗಿನಕಾಯಿ ಇಟ್ಟು ಅವರನ್ನು ದೇವರಿಗೆ ಒಪ್ಪಿಸುವುದು ನಮ್ಮ ಪದ್ಧತಿ. ಹೆಸರು ಹೇಳಬೇಕಾಗಿಲ್ಲ, ಜಟ್ಟಿಗನೇ ಹುಡುಕಿಕೊಳ್ಳುತ್ತಾನೆ. ಇಟ್ಟ ಮೇಲೆ ಅದನ್ನು ಹಿಂತೆಗೆಯುವುದಕ್ಕೆ ಇಟ್ಟವರಿಗೆ ಮಾತ್ರ ಅಧಿಕಾರ. ಅವರು ಇನ್ನೊಂದು ಕಾಯಿ ತಂದು, ತಪ್ಪು ಯಾರದೆಂದು ಎಲ್ಲರ ಮುಂದೆ ಬಾಯಿಬಿಟ್ಟು ಹೇಳಿ ಒಡೆಯಬೇಕು. "ನನ್ನ ಗಿಣಿಗೆ ವಿಷ ಹಾಕಿದ ಕೈ ಒಣಗಿ ಹೋಗ್ಲಿ" ಎಂದು ಅತ್ತೆ ಕಾಯಿ ಇಟ್ಟರು. ಹೆಸರು ಹೇಳಲಿಲ್ಲ, ತಿರುಗಿ ನನ್ನ ಮುಖ ನೋಡಿದರು. ಎಲ್ಲರೂ ನೋಡಿದರು. ಅಷ್ಟೇ ಅಲ್ಲ, ಭಟ್ಕಳದ ಕಡೆ ಹೋಗುವವರ ಹತ್ತಿರ ನನ್ನ ಅಪ್ಪನಿಗೂ ಹೇಳಿಕಳಿಸಿದರು: ಶುಕ್ರವಾರ ಬಂದು ಮಗಳನ್ನು ಕರೆದುಕೊಂಡು ಹೋಗಿ, ವಿಷ ಹಾಕುವವಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು.

ಹಾಗೆ ತವರಿಗೆ ಹೋದರೆ ನನ್ನ ಗತಿ ಏನಾಗುತ್ತಿತ್ತು? ಗಂಡ ಎಲ್ಲೋ ಬೊಂಬಾಯಿಯಲ್ಲಿ. ನನ್ನ ಬೆನ್ನ ಹಿಂದೆ ಇನ್ನೂ ಇಬ್ಬರು ತಂಗಿಯರಿದ್ದರು. ವಿಷ ಹಾಕಿದವಳ ತಂಗಿಯರೆಂದರೆ ಅವರನ್ನು ಕೇಳಲು ಯಾರು ಬರುತ್ತಿದ್ದರು? ಮರುದಿನ ಬೆಳಿಗ್ಗೆ ನಾನೇ ಅತ್ತೆಯ ಮುಂದೆ ಹೋಗಿ ನಿಂತೆ. "ಹೊಳೆ ಆಚೆ ದನದ ಡಾಕ್ಟ್ರು ಇದ್ದಾರೆ. ಎಂತ ವಿಷ ಅಂತ ಅವ್ರು ಹೇಳ್ಲಿ. ವಿಷ ಹೌದಾದ್ರೆ ನಾನೇ ಹೋಗ್ತೇನೆ, ಅಪ್ಪ ಬರೂದು ಬೇಡ" ಎಂದೆ.

"ಬಾ. ಅವ್ನ ಬಾಯಲ್ಲೇ ಕೇಳು" ಎಂದರು ಅತ್ತೆ. ಪಂಜರಕ್ಕೆ ಒದ್ದೆ ಬಟ್ಟೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ದೋಣಿಯಲ್ಲಿ ಹೊನ್ನಾವರದ ಬಂದರಿಗೆ ದಾಟಬೇಕು. ಗಿಣಿಯನ್ನು ದವಾಖಾನೆಗೆ ಒಯ್ಯುತ್ತೇವೆಂದು ತಿಳಿದು ದೋಣಿಯವನು ದಾರಿಯುದ್ದಕ್ಕೂ ನಕ್ಕ. "ಅಮ್ಮಾ, ನಮ್ಮನೆ ಕೋಳಿಗೂ ಸೀತ ಆಗಿದೆ, ಒಂದು ಮದ್ದು ತನ್ನಿ" ಎಂದ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಹುಟ್ಟು ಹಾಕುವುದನ್ನೇ ಮರೆತು ಕೂತ.

ದವಾಖಾನೆಯ ಅಂಗಳದಲ್ಲಿ ಕಾಲು ಮುರಿದ ಹೋರಿ, ಕೆಚ್ಚಲು ಬಾತ ಎಮ್ಮೆ, ಒಂದು ಬಡಕಲು ಕುದುರೆ. ನಡುವೆ ಪಂಜರ ಹಿಡಿದು ನಿಂತ ನಾವಿಬ್ಬರು. ಬಾಗಿಲು ಕಾಯುತ್ತಿದ್ದ ಪಟ್ಟೇವಾಲ, "ದನ ಎಲ್ಲಿ?" ಎಂದು ಕೇಳಿದ. ಪಂಜರ ತೋರಿಸಿದರೆ ನಕ್ಕು, "ಇದಕ್ಕೆಲ್ಲ ಇಲ್ಲಿ ಮದ್ದಿಲ್ಲ, ಹೋಗಿ" ಎಂದ. ಅತ್ತೆ ಅಲ್ಲಿಯೇ ನೆಲದ ಮೇಲೆ ಕೂತರು. "ಸರ್ಕಾರ್ದ ಡಾಕ್ಟ್ರಿಗೆ ನಾಲ್ಕು ಕಾಲಿಂದು ಮಾತ್ರ ಜೀವವಾ? ಎರಡು ಕಾಲಿಂದು ಜೀವ ಅಲ್ವಾ?" ಎಂದು ಶುರು ಮಾಡಿದರು. ಹೋರಿ ಬೆದರಿ ಹಗ್ಗ ಜಗ್ಗಿತು. ಡಾಕ್ಟರೇ ಹೊರಗೆ ಬಂದರು.

ಅವರು ಧಾರವಾಡದ ಕಡೆಯವರು, ಸಣಕಲು ಆಳು. ನಗಲಿಲ್ಲ. ಗಿಣಿಯನ್ನು ಬಟ್ಟೆಯಲ್ಲಿ ಹಿಡಿದು ಕೊಕ್ಕು ಬಿಡಿಸಿ ನೋಡಿದರು, ಎದೆ ಮುಟ್ಟಿ ನೋಡಿದರು, ಪಂಜರದ ತಳ ನೋಡಿದರು. "ನೀರು ಭಾಳ ಕುಡೀತದೇನವ್ವಾ?" ಎಂದು ಕೇಳಿದರು.

"ಕುಡೀತದೆ. ವಿಷದ ಉರಿ ಅಲ್ವಾ?" ಎಂದು ಅತ್ತೆ ನನ್ನನ್ನು ನೋಡಿದರು.

"ತಿನ್ನಾಕ ಏನು ಕೊಡ್ತೀರಿ?"

ಅತ್ತೆ ಹೆಮ್ಮೆಯಿಂದ ಹೇಳಿದರು: "ಒಳ್ಳೆ ಉಪ್ಪುಮೀನು. ಬೇರೆಯವ್ರ ಕೈಯಿಂದ ಮುಟ್ಟೂದಿಲ್ಲ ಅದು. ನನ್ನ ಕೈಯಿಂದ್ಲೇ ಆಗ್ಬೇಕು."

ಡಾಕ್ಟರು ಸುಮ್ಮನೆ ಅವರ ಕೈ ಹಿಡಿದು ಅಂಗೈ ಬೆಳಕಿಗೆ ತಿರುಗಿಸಿದರು. ಸೀಳಿನಲ್ಲಿದ್ದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ತೋರಿಸಿದರು. "ವಿಷ ಯಾರೂ ಹಾಕಿಲ್ಲವ್ವಾ. ಇದನ್ನ ನೋಡು. ಉಪ್ಪು. ಮನಷ್ಯಾರು ತಡಕೋತೇವಿ, ಇಷ್ಟು ಸಣ್ಣ ಹಕ್ಕಿ ತಡಕೊಳ್ಳೂದಿಲ್ಲ. ಸಿಹಿನೀರು ಕೊಡು. ಉಪ್ಪಿಲ್ಲದ ಗಂಜಿ ಕೊಡು, ಬಾಳೆಹಣ್ಣು ಕೊಡು. ಉಳೀತದ. ಆದ್ರ ಇನ್ನೊಂದು ಚೂರು ಉಪ್ಪಮೀನು ತಿಂದ್ರ ಉಳಿಯೂದಿಲ್ಲ."

ಅತ್ತೆ ಕೈ ಎಳೆದುಕೊಂಡು ಸೆರಗಿನೊಳಗೆ ಹಾಕಿದರು. ನಾನು ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ? ಡಾಕ್ಟರ ಕಾಲಿಗೆ ಬೀಳಬೇಕು ಅನಿಸಿತು.

ಆ ಖುಷಿ ದೋಣಿ ಹತ್ತುವ ತನಕ ಮಾತ್ರ. "ಎಂತ ಹೇಳಿದ್ರು ಡಾಕ್ಟ್ರು?" ಎಂದು ದೋಣಿಯವನು ಕೇಳಿದ. ದೋಣಿಯಲ್ಲಿ ನಮ್ಮ ಕೇರಿಯ ನಾಲ್ಕು ಹೆಂಗಸರಿದ್ದರು. ಅತ್ತೆ ನೀರು ನೋಡುತ್ತ, "ಅವ್ನಿಗೆ ಎಂತ ಗೊತ್ತು? ದನದ ಡಾಕ್ಟ್ರು" ಎಂದರು.

"ಸುಳ್ಳು!" ಎಂದು ಕೂಗಿದೆ. "ವಿಷ ಅಲ್ಲ ಅಂತ ಹೇಳಿದ್ರು. ಉಪ್ಪುಮೀನು ತಿಂದು ಆದದ್ದು ಅಂತ ಹೇಳಿದ್ರು. ಇವ್ರ ಕೈಯಿಂದ್ಲೇ ಆದದ್ದು!"

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. "ಉಪ್ಪು ತಿಂದು ಸಾಯೂದಾದ್ರೆ ನಾವೆಲ್ಲ ಯಾವಾಗ್ಲೋ ಸಾಯ್ಬೇಕಿತ್ತಲ್ಲೇ ಮಾರಾಯ್ತಿ" ಎಂದಳೊಬ್ಬಳು. ಉಪ್ಪಿನಿಂದಲೇ ಬದುಕಿದ ಜನ ಅವರು. ಉಪ್ಪು ಜೀವ ತೆಗೆಯುತ್ತದೆ ಎಂದರೆ ಯಾರು ನಂಬುತ್ತಾರೆ? ಅತ್ತೆಯ ಒಂದು ಮಾತು ಸಾಕಿತ್ತು. ಅವರು ದಡ ಬರುವ ತನಕ ತುಟಿ ಬಿಚ್ಚಲಿಲ್ಲ.

ಆದರೆ ಮನೆಗೆ ಬಂದವರೇ ಗಿಣಿಗೆ ಗಂಜಿ ಮಾಡಿದರು. ಉಪ್ಪು ಹಾಕಲಿಲ್ಲ. ನಮ್ಮ ಬಾವಿಯ ನೀರು ಆ ದಿನಗಳಲ್ಲಿ ಸವಳಾಗುತ್ತಿತ್ತು. ದೂರದ ಬಾವಿಯಿಂದ ತಾವೇ ಸಿಹಿನೀರು ಹೊತ್ತು ತಂದರು. ಕೈಯನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೆದದ್ದನ್ನು ನಾನು ಅಡಿಗೆಮನೆಯ ಬಾಗಿಲ ಸಂದಿನಿಂದ ನೋಡಿದೆ. ಎರಡು ದಿನದಲ್ಲಿ ಗಿಣಿ ಮೇಲಿನ ಕಡ್ಡಿಗೆ ಹತ್ತಿ ಕೂತಿತು. ಮೂರನೆಯ ಬೆಳಿಗ್ಗೆ ಸಣ್ಣ ಧ್ವನಿಯಲ್ಲಿ "ಹೆಣ್ಣೇ" ಎಂದಿತು. ಆ ಹಾಳು ಹಕ್ಕಿ ನನ್ನನ್ನು ಕರೆದದ್ದಕ್ಕೆ ನಾನು ಸಂತೋಷಪಟ್ಟದ್ದು ಅದೇ ಮೊದಲು.

ಅಂದು ಮಧ್ಯಾಹ್ನ ಅದಕ್ಕೆ ಬಿಸಿಲು ಬೀಳಲಿ ಎಂದು ಪಂಜರವನ್ನು ಮರಳಿಗೆ ತಂದರು. ಹೆಂಗಸರು ಸೇರಿದರು. ಎದುರುಮನೆಯ ಅಕ್ಕ ಕೇಳಿದಳು: "ಅತ್ತಿಗೇ, ಎಂತಕ್ಕೆ ಮೀನು ಹಾಕೂದಿಲ್ಲ? ಸೊಸೆ ಹೇಳಿದ್ದು ಹೌದಾ ಹಂಗಾರೆ? ನೀವೇ ವಿಷ ಹಾಕಿದ್ದಾ?"

ಅತ್ತೆಯ ಮುಖ ಕಪ್ಪಾಯಿತು. ನಾನು ಅವರನ್ನೇ ನೋಡುತ್ತಿದ್ದೆ. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಅವರು ಬಗ್ಗಿ ಚಾಪೆಯ ಮೇಲಿಂದ ಒಂದು ಮೀನು ತೆಗೆದರು, ಚೂರು ಮುರಿದರು, ಅಂಗೈಯಲ್ಲಿಟ್ಟು ಪಂಜರದೊಳಗೆ ನೀಡಿದರು. ನಾನು ಹಾರಿ ಅವರ ತೋಳು ಹಿಡಿದೆ. ಎಡಗೈಯಿಂದ ನನ್ನನ್ನು ತಳ್ಳಿದರು. ಮರಳಿನ ಮೇಲೆ ಬಿದ್ದೆ. ಗಿಣಿ ಆಸೆಯಿಂದ ಹತ್ತಿರ ಬಂದು ಅಷ್ಟನ್ನೂ ತಿಂದಿತು. ಹೆಂಗಸರು ನನ್ನನ್ನು ನೋಡಿ ನಕ್ಕರು.

ಗುರುವಾರ ಬೆಳಿಗ್ಗೆ ಅದು ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು.

ತಿಳಿಯದೆ ತಿನ್ನಿಸಿದ್ದಕ್ಕೆ ನಾನು ಅವರ ಮೇಲೆ ಸಿಟ್ಟು ಮಾಡುವವಳಲ್ಲ. ಅದು ಪ್ರೀತಿಯಿಂದ ಮಾಡಿದ್ದು. ತಿಳಿದ ಮೇಲೆ ತಿನ್ನಿಸಿದರಲ್ಲ, ನಾಲ್ಕು ಹೆಂಗಸರ ಮುಂದೆ ತಲೆ ತಗ್ಗಿಸಲಾರದೆ ಮಗಾ ಮಗಾ ಎಂದು ಸಾಕಿದ ಜೀವವನ್ನು ತೆಗೆದರಲ್ಲ, ಅದನ್ನು ಹೇಗೆ ಮರೆಯಲಿ? ಅವರು ಅಂದು ಅಳಲಿಲ್ಲ. ಹೊನ್ನೆಮರದ ಹತ್ತಿರ ಗುಂಡಿ ತೋಡಿ ಹುಗಿದು ಬಂದು, ಮೀನಿಗೆ ಉಪ್ಪು ತಿಕ್ಕಲು ಕೂತರು. ನಾನು ನನ್ನ ಎರಡು ಸೀರೆ ಮಡಿಚಿ ಗಂಟು ಕಟ್ಟಿದೆ.

ಶುಕ್ರವಾರ ಅಪ್ಪ ಬಂದ. ತಲೆ ತಗ್ಗಿಸಿಕೊಂಡು ಅಂಗಳದಲ್ಲೇ ನಿಂತ, ಜಗಲಿ ಹತ್ತಲಿಲ್ಲ. ಕೇರಿಯೆಲ್ಲ ಸೇರಿತ್ತು. ನಾನು ಗಂಟು ಹಿಡಿದು ಹೊರಗೆ ಬಂದೆ. ಆಗ ಅತ್ತೆ ಒಳಗಿಂದ ಬಂದವರು ಯಾರ ಹತ್ತಿರವೂ ಮಾತಾಡದೆ ನೆಟ್ಟಗೆ ಜಟ್ಟಿಗನ ಕಲ್ಲಿನ ಕಡೆ ನಡೆದರು. ಜನ ಅವರ ಹಿಂದೆ ಹೋಯಿತು. ಕಲ್ಲಿನ ಮುಂದೆ ನಿಂತು, ಬಲಗೈ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದರು.

"ಈ ಕೈ" ಎಂದರು. "ಡಾಕ್ಟ್ರು ಹೇಳಿದ್ರು. ನಾನು ಸುಳ್ಳು ಹೇಳ್ದೆ. ಗೊತ್ತಿದ್ದೂ ಮತ್ತೆ ತಿನ್ಸಿದೆ. ಹುಡುಗಿ ಮುಟ್ಲಿಲ್ಲ."

ಎದುರುಮನೆಯ ಅಕ್ಕನೇ ಮೊದಲು ಓಡಿಹೋಗಿ ತನ್ನ ಮನೆಯಿಂದ ಒಂದು ತೆಂಗಿನಕಾಯಿ ತಂದು ಅವರ ಕೈಗೆ ಕೊಡಲು ಹೋದಳು. "ಅತ್ತಿಗೇ, ಒಡೀರಿ. ಹೇಳಿದ್ದು ಆತಲ್ಲ, ಹಿಂದೆ ತಗಣಿ. ಕೈ ಒಣಗ್ತದೆ!"

"ತಗಣೂದಿಲ್ಲ" ಎಂದರು ಅತ್ತೆ. "ಇವಳ ಕೈ ಅಂತ ಮನ್ಸಲ್ಲಿಟ್ಟು ಕಾಯಿ ಇಟ್ಟದ್ದು. ಇವಳದ್ದಾದ್ರೆ ಒಣಗ್ಬೇಕು, ನಂದಾದ್ರೆ ಬ್ಯಾಡ್ವಾ? ಎಲ್ಲಿಯ ನ್ಯಾಯ ಅದು?"

ಎಷ್ಟು ಬೇಡಿದರೂ ಕಾಯಿ ಮುಟ್ಟಲಿಲ್ಲ. ತಿರುಗಿ ಬಂದು ಅಪ್ಪನಿಗೆ, "ಬೀಗ್ರೇ, ಊಟ ಮಾಡ್ಕಂಡು ಹೋಗಿ. ಇವಳು ಬರೂದಿಲ್ಲ" ಎಂದರು. ಬರುತ್ತೀಯೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಅದಕ್ಕೂ ನನಗೆ ಸಿಟ್ಟಿದೆ. ಆದರೂ ಗಂಟು ಬಿಚ್ಚಿದೆ. ಯಾಕೆ ಬಿಚ್ಚಿದೆ ಎಂದು ಮಕ್ಕಳು ಕೇಳುತ್ತಾರೆ. ಆ ಕರಾವಳಿಯುದ್ದಕ್ಕೂ ಸೊಸೆಯ ಹೆಸರು ಉಳಿಸಲು ಕೇರಿಯ ಮುಂದೆ ಕೈ ಎತ್ತಿ ನಿಂತ ಇನ್ನೊಬ್ಬ ಅತ್ತೆಯನ್ನು ನಾನು ಕಂಡಿಲ್ಲ, ಕೇಳಿಲ್ಲ. ನನ್ನ ತಂಗಿಯರಿಬ್ಬರಿಗೂ ಮುಂದೆ ಒಳ್ಳೆಯ ಕಡೆ ಮದುವೆಯಾಯಿತು. ಆ ಋಣ ದೊಡ್ಡದು, ಇಲ್ಲವೆನ್ನುವುದಿಲ್ಲ.

ಆಮೇಲೆ ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದರು. ಒಂದು ದಿನ ಅವರ ಬೆರಳು ಜೋಮು ಹಿಡಿದರೆ ನನ್ನ ಜೀವ ಹೋದಂತಾಗುತ್ತಿತ್ತು. "ಅತ್ತೆ, ಒಂದು ಕಾಯಿ ಒಡೆದು ಬನ್ನಿ" ಎಂದು ಕಾಲು ಹಿಡಿದಿದ್ದೇನೆ. "ನಿಂಗ್ಯಾಕೆ? ನಿನ್ನ ಕೆಲ್ಸ ನೋಡು" ಎನ್ನುತ್ತಿದ್ದರು. ಕೈ ಒಣಗಲಿಲ್ಲ. ಜಟ್ಟಿಗನಿಗೆ ನನ್ನ ಅತ್ತೆಗಿಂತ ಹೆಚ್ಚು ಬುದ್ಧಿಯಿತ್ತು. ನನ್ನ ನಾಲ್ಕು ಮಕ್ಕಳ ಎಣ್ಣೆ ನೀರು ಮಾಡಿದ್ದು ಅವರೇ. ಮತ್ತೆ ಒಂದು ಹಕ್ಕಿಯನ್ನೂ ಮನೆಗೆ ತರಲಿಲ್ಲ. ಗಿಣಿಯ ಮಾತೂ ಎತ್ತಲಿಲ್ಲ.

ನಾನು ಕಾಯುತ್ತಿದ್ದೆ. ಜಟ್ಟಿಗನಿಗೆ ಹೇಳಿದರು, ಕೇರಿಗೆ ಹೇಳಿದರು, ಅಪ್ಪನ ಕಿವಿಗೂ ಬೀಳುವಂತೆ ಹೇಳಿದರು. ಇವತ್ತಲ್ಲ ನಾಳೆ ನನ್ನ ಮುಖ ನೋಡಿ ಒಂದು ಮಾತು ಹೇಳುತ್ತಾರೆ ಎಂದು ಕಾಯುತ್ತಿದ್ದೆ.

ಅವರು ಹೋದದ್ದು ಒಂದು ಮಧ್ಯಾಹ್ನ. ಹದಿನೈದು ದಿನದಿಂದ ಹಾಸಿಗೆ ಹಿಡಿದಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ. ಕಣ್ಣು ಬಿಟ್ಟು, "ಹೆಣ್ಣೇ" ಎಂದರು. ಬಗ್ಗಿ ಕಿವಿ ಕೊಟ್ಟೆ. ಆ ಮಾತು ಬಂತು ಎಂದುಕೊಂಡೆ.

"ಉಂಡ್ಯಾ?"

"ಇಲ್ಲ ಅತ್ತೆ."

"ಮತ್ತೆ ಇಲ್ಲಿ ಎಂತ ಬಾಯಿ ನೋಡ್ತಾ ಕೂತಿದ್ದೀಯ? ಹೋಗು, ಉಂಡ್ಕಂಡು ಬಾ."

ಸಿಟ್ಟಿನಲ್ಲೇ ಎದ್ದು ಹೋಗಿ ಗಂಜಿ ಬಡಿಸಿಕೊಂಡೆ. ಅರ್ಧ ಉಂಡು ಮನಸ್ಸು ತಡೆಯದೆ ಕೈ ತೊಳೆದು ಬಂದೆ. ಅಷ್ಟರಲ್ಲಿ ಉಸಿರು ನಿಂತಿತ್ತು. ಸೇರಿದ ಹೆಂಗಸರು ನಾನು ಅತ್ತದ್ದನ್ನು ನೋಡಿ, ಎಂಥ ಸೊಸೆ, ಹೆತ್ತ ತಾಯಿಗೂ ಯಾರೂ ಹೀಗೆ ಅಳುವುದಿಲ್ಲ ಎಂದು ಮಾತಾಡಿಕೊಂಡರು. ಅವರಿಗೇನು ಗೊತ್ತು? ನಾನು ಅತ್ತೆಯ ಕಿವಿಯ ಹತ್ತಿರ ಬಾಯಿಟ್ಟು ಬೈಯುತ್ತಿದ್ದೆ: ತಪ್ಪಾಯಿತು ಎಂದು ನನಗೊಂದು ಮಾತು ಹೇಳಲು ನಿಮಗೇನು ಧಾಡಿಯಾಗಿತ್ತು, ಅತ್ತೆ?